ಹದಿಮೂರನೆಯ ತಿಂಗಳು

ಇಲ್ಲಿ ವಿಮೆಗೆ ವರ್ಷವೆಂದರೆ ಹದಿಮೂರು ತಿಂಗಳು.
ಅಧಿಕಮಾಸ ಅಂದೆ ನಾನು. ಕೌಂಟರಿನ ಹುಡುಗಿಗೆ
ಅರ್ಥವಾಗಲಿಲ್ಲ, ನಕ್ಕಳು, ಸ್ಟೇಪ್ಲರ್ ಒತ್ತಿದಳು.

ಗಾಡಿಯ ಕಾರ್ಡಿಗೆ ಇವರು ಮುಲ್ಕಿಯಾ ಅನ್ನುತ್ತಾರೆ.
ಬಂದ ಹೊಸತರಲ್ಲಿ ಪೊಲೀಸಿನವ
ಕಿಟಕಿಗೆ ಬಗ್ಗಿ ‘ಮುಲ್ಕಿಯಾ?’ ಎಂದಾಗ
‘ಅಲ್ಲ ಸಾರ್, ಹೆಜಮಾಡಿ’ ಅಂದಿದ್ದೆ,
ಹೊಳೆಯ ಈಚೆ ದಡ.

ಇಪ್ಪತ್ತೊಂದು ವರ್ಷವಾಯಿತು. ಈಗ ನಾನೇ
ಅಜ್ಮಾನಿನ ಈ ಕಟ್ಟಡಕ್ಕೆ ಬಂದವರಿಗೆಲ್ಲ ಹೇಳುವುದು:
ಕೊನೆಯ ದಿನದವರೆಗೆ ಕಾಯಬೇಡಿ ಮಾರಾಯ್ರೆ,
ದಂಡವಿದ್ದರೆ ಕಟ್ಟಿ, ಗಾಜಿನ ಕಪ್ಪು ಕಿತ್ತುಬಿಡಿ,
ಟೈರಿನ ಕೆನ್ನೆ ನೋಡಿ:
ಹುಟ್ಟಿದ ವಾರ, ಹುಟ್ಟಿದ ವರ್ಷ, ನಾಲ್ಕೇ ಅಂಕಿ,
ಅಷ್ಟು ಚಿಕ್ಕ ಜಾತಕ ಮನುಷ್ಯರಿಗಿಲ್ಲ.
ಐದು ದಾಟಿದರೆ, ಸವೆಯದಿದ್ದರೂ, ಮುದುಕ.

ಮತ್ತೆ ಡಿಕ್ಕಿಯಲ್ಲಿ ಕೆಂಪು ಸಿಲಿಂಡರ್ ಬೇಕು,
ಬೆಂಕಿ ಆರಿಸುವಂಥದ್ದು.
ಅದಕ್ಕೆ ನಾಲ್ಕನೆಯ ಮಾಳಿಗೆಯ ಮಯ್ಯದ್ದಿಯವರನ್ನು ಕೇಳಿ.
ಅವರ ಗಾಡಿ ಹೋಗಿ ಆರು ವರ್ಷ;
ಸಿಲಿಂಡರ್ ಉಳಿದಿದೆ, ಚಪ್ಪಲಿಗೂಡಿನ ಪಕ್ಕ,
ತಲೆಗೆ ಒರಗಿ ಪ್ಲಾಸ್ಟಿಕ್ ಹೂವಿನ ಕುಂಡ.
ವಿನ್ಸಿ ಟೀಚರ ಯಾರಿಸ್, ಬೇಕರಿಯ ವ್ಯಾನು,
ಪೇಶಾವರದ ಝಾಹಿದನ ಪಿಕಪ್ಪು
ಎಲ್ಲ ಪಾಸಾದದ್ದು ಅದನ್ನೇ ಹೊತ್ತು.
ಬಾಡಿಗೆ ಅಂದರೆ, ಒಂದು ಡಬ್ಬಿ ಬಂಗುಡೆ ಗಸಿ.

ಇವತ್ತು ನನ್ನ ಸರದಿ.
ಬೆಳಗ್ಗೆ ಏಳಕ್ಕೇ ನಲವತ್ತು ಡಿಗ್ರಿ.
ನೀಲಿ ಅಂಗಿಯ ಹುಡುಗ ಬ್ರೇಕು ತುಳಿದ, ಹೊಗೆ ಅಳೆದ,
ಹೊಂಡಕ್ಕಿಳಿದು ಗಾಡಿಯ ಹೊಟ್ಟೆ ತಟ್ಟಿ ತಟ್ಟಿ ಕೇಳಿದ.
ನನ್ನ ಬೀಪಿ ನೋಡುವವರಿಗೂ ಇಷ್ಟು ಶ್ರದ್ಧೆಯಿಲ್ಲ.
ಸಿಲಿಂಡರಿನಲ್ಲಿ ಅವನು ನೋಡಿದ್ದು ಬಣ್ಣ ಮಾತ್ರ.

ದಂಡದ ಪಟ್ಟಿಯಲ್ಲಿ ಒಂದೇ ಒಂದಿತ್ತು.
ಮಾರ್ಚ್ ಒಂಬತ್ತು, ರಾತ್ರಿ ಎರಡು ಹದಿನಾಲ್ಕು,
ವೇಗ ನೂರ ನಲವತ್ತೊಂದು.
ಪಕ್ಕದ ಸೀಟಿನಲ್ಲಿ ಎದೆ ಹಿಡಿದುಕೊಂಡು ಮಯ್ಯದ್ದಿಯವರು,
‘ನಿಧಾನ ಹೋಗು, ಮುಂದೆ ರಾಡಾರ್ ಉಂಟು’ ಎನ್ನುತ್ತ.
ಕಟ್ಟಿದೆ. ರಸೀದಿ ಅವರಿಗೆ ತೋರಿಸಿಲ್ಲ.

ಪಾಸು. ಹೊಸ ತಾರೀಕು ಫೋನಿಗೆ ಬಂತು.
ಸಂಜೆ ಸಿಲಿಂಡರ್ ಹೊತ್ತು ಮೇಲೆ ಹೋಗುವಾಗ
ಲಿಫ್ಟಿನ ಬೆಳಕಿನಲ್ಲಿ, ಇಷ್ಟು ವರ್ಷದಲ್ಲಿ ಮೊದಲ ಸಲ,
ಅದರ ಚೀಟಿ ಓದಿದೆ.
ಅವಧಿ ಮುಗಿದು ಮೂರು ವರ್ಷ.
ಮುಳ್ಳು ಮಾತ್ರ ಇನ್ನೂ ಹಸಿರಿನಲ್ಲೇ ನಿಂತಿತ್ತು.

‘ಪಾಸಾ?’ ಒಳಗಿನಿಂದ ಅವರ ದನಿ.
‘ಪಾಸು’ ಅಂದೆ,
ಹೂಕುಂಡವನ್ನು ಇದ್ದಲ್ಲೇ ಇಟ್ಟೆ.