ಮೂರು ರಾತ್ರಿ ಚಾರ್ಜಿಗೆ

ಕುತೈಸಿಯ ಸಂತೆಯ ಹಿಂದೆ, ರಿಯೋನಿ ಹೊಳೆಗೆ ಬೆನ್ನು ಹಾಕಿ
ನನ್ನ ಗೂಡಂಗಡಿ: ಒಂದು ಲೆನ್ಸು, ಎರಡು ಚಿಮುಟ,
ಬೆಂಕಿಪೊಟ್ಟಣದ ತುಂಬ ಸಾಸಿವೆಗಿಂತ ಸಣ್ಣ ಸ್ಕ್ರೂ.
ಅಪ್‌ಡೇಟ್ ಬಂದ ವಾರ ನನಗೆ ಸುಗ್ಗಿ.
ಎಲ್ಲರ ಬಾಯಲ್ಲೂ ಒಂದೇ ರಾಗ:
ನಿನ್ನೆವರೆಗೆ ಚೆನ್ನಾಗಿತ್ತು ಮ್ಜೆವಿನಾರ್,
ಮಲಗುವಾಗ ಸರಿಯೆಂದು ಒತ್ತಿದೆ,
ಎದ್ದು ನೋಡಿದರೆ ತೂತು ಮಡಕೆ.

ಅಂಬ್ರೊಲೌರಿಯ ವ್ಯಾನಿನಿಂದ ಇಳಿದ ಗೆದೆವಾನ್
ಫೋನನ್ನು ಟೋಪಿಯೊಳಗಿಟ್ಟು ತಂದಿದ್ದ,
ಗೂಡಿನಿಂದ ಬಿದ್ದ ಮರಿಯನ್ನು ತಂದ ಹಾಗೆ.
ಮುಟ್ಟಿ ನೋಡು, ಎಂದ. ಜ್ವರ.
ಜೇಬಲ್ಲೇ ಇರುತ್ತದೆ, ಯಾರ ಹತ್ತಿರವೂ ಮಾತಾಡಿಲ್ಲ,
ಮಧ್ಯಾಹ್ನದೊಳಗೆ ಸಾಯುತ್ತದೆ.
ಹೊಸ ಬ್ಯಾಟರಿ ಹಾಕು. ದುಡ್ಡಿದೆ.

ಬಿಚ್ಚುವ ಮೊದಲು ನಾನು ಲೆಕ್ಕ ನೋಡುವವಳು.
ಯಾರು ಎಷ್ಟು ಉಂಡರೆಂದು ಒಳಗೇ ಬರೆದಿರುತ್ತದೆ,
ಯಾರೂ ಓದುವುದಿಲ್ಲ.
ಪರದೆಗೆ ನೂರಕ್ಕೆ ಆರು. ಕರೆಗೆ ಒಂದು.
ಫೋಟೋಗಳಿಗೆ ಅರವತ್ತೊಂದು.

ತೆರೆದರೆ ಜೇನು. ಬರೀ ಜೇನು.
ಮೂವತ್ತೆರಡು ಪೆಟ್ಟಿಗೆಗಳ ಒಂದೊಂದು ಚೌಕಟ್ಟನ್ನೂ
ಬಿಸಿಲಿಗೆ ಎತ್ತಿ ಹಿಡಿದು ತೆಗೆದದ್ದು,
ನುಸಿ ಬಿದ್ದಿದೆಯೇ ಎಂದು ರಾತ್ರಿ ಕೂತು ಎಣಿಸಲು.
ಒಂಬತ್ತು ಸಾವಿರದ ಇನ್ನೂರು.

ಕಾಯಿಲೆಯಲ್ಲ ಇದು, ಎಂದೆ, ಕೆಲಸ.
ಅಪ್‌ಡೇಟ್ ಆದ ಫೋನು ಹಳೆಯದನ್ನೆಲ್ಲ ಮೊದಲಿಂದ ನೋಡುತ್ತದೆ,
ಎಲ್ಲಿ ಮರ, ಎಲ್ಲಿ ನಾಯಿ, ಯಾರ ಮುಖ,
ಹೊಸ ಸೊಸೆ ಅಡುಗೆಮನೆಯ ಡಬ್ಬಗಳ
ಮುಚ್ಚಳ ತೆಗೆದು ತೆಗೆದು ನೋಡುವ ಹಾಗೆ.
ಇನ್ನೂ ಹುಡುಕುತ್ತಿದೆ ಪಾಪ,
ನಿನ್ನ ಜೇನ್ನೊಣಗಳಲ್ಲಿ ಮೂಗು, ಹುಬ್ಬು.

ಅವನು ನಗಲಿಲ್ಲ.
ಇದರಲ್ಲಿ ಒಂದೇ ಒಂದು ಮುಖ ಇಲ್ಲ,
ಬಿಟ್ಟುಬಿಡಲು ಹೇಳು ಅದಕ್ಕೆ.

ಹೇಳಿದರೆ ಕೇಳುವುದಿಲ್ಲ. ಮುಗಿಸಲಿ.
ಮೂರು ರಾತ್ರಿ ಚಾರ್ಜಿಗೆ ಹಾಕಿಡು, ಮುಟ್ಟಬೇಡ.
ಹವಾಮಾನದ ಆ್ಯಪ್ ಒಂದು ಗಳಿಗೆಗೊಮ್ಮೆ
ಎಲ್ಲಿದ್ದೀ ಎಲ್ಲಿದ್ದೀ ಎಂದು ಪೀಡಿಸುತ್ತಿತ್ತು,
ಅದರ ಬಾಯಿ ಮುಚ್ಚಿಸಿದ್ದೇನೆ.
ಎಷ್ಟಾಯಿತು?
ಏನೂ ಇಲ್ಲ.
ಅಲ್ಲೇ ಅವನ ನಂಬಿಕೆ ಹೋಯಿತು.
ಬಿಟ್ಟಿ ಮದ್ದು ಯಾರಿಗೂ ನಾಟುವುದಿಲ್ಲ.

ಹತ್ತನೆಯ ದಿನ ಮತ್ತೆ ಬಂದ.
ಚೆಸ್ಟ್‌ನಟ್ ಹೂವಿನ ಜೇನು, ಕಪ್ಪಗೆ, ಒಗರು, ಅರ್ಧ ಬಾಟಲಿ.
ಸಂಜೆವರೆಗೆ ನಿಲ್ಲುತ್ತಿದೆಯೇ?
ನಿಲ್ಲುತ್ತಿದೆ.
ಮತ್ತೇನು?
ಫೋನನ್ನು ಗಾಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟ.
ಸಿಕ್ಕಿದೆ ಅದಕ್ಕೆ, ಎಂದ.

ಒಂದು ಮುಖ. ಹದಿಮೂರು ಫೋಟೋಗಳಲ್ಲಿ ಅದೇ.
ಮೂಲೆಯಲ್ಲಿ, ಜೇನಿನ ಹಿಂದೆ, ಮಸುಕು ಮಸುಕು,
ಬೇಲಿಯಾಚೆ ಒದ್ದೆ ಬಟ್ಟೆ ಹಿಡಿದು ನಿಂತವಳು.
ಒಂದರಲ್ಲಿ ತಲೆಗೆ ವಸ್ತ್ರ, ಒಂದರಲ್ಲಿ ಬಿಚ್ಚಿದ ನರೆಗೂದಲು,
ಎರಡರಲ್ಲಿ ಬಾಯಿ ತೆರೆದಿತ್ತು,
ಏನೋ ಹೇಳಲು ಹೊರಟಂತೆ.
ಝುಝುನಾ, ಎಂದ. ಅಕ್ರೋಟ್ ಮರದ ಜಗಳ.
ಬುಡ ನನ್ನ ಕಡೆ, ಕಾಯಿ ಬೀಳುವುದು ಅವಳ ಕಡೆ.
ಹನ್ನೊಂದು ವರ್ಷ ಮಾತಿಲ್ಲ.

ಮುಖದ ಕೆಳಗೊಂದು ಖಾಲಿ ಚೌಕ: ಇವರು ಯಾರು?
ಬರೆಯಲೇಬೇಕೆ, ಕೇಳಿದ.
ಬರೆಯದಿದ್ದರೂ ನಡೆಯುತ್ತದೆ, ಎಂದೆ,
ಬ್ಯಾಟರಿಗೇನೂ ಆಗುವುದಿಲ್ಲ.
ಮೇಣ ಮೆತ್ತಿದ ಅವನ ಹೆಬ್ಬೆರಳು
ಪರದೆಯಿಂದ ಒಂದಿಂಚು ಮೇಲೆ ನಿಂತಿತು.
ಪರದೆ ಮಂಕಾಯಿತು. ತಟ್ಟಿದ. ಬೆಳಗಿತು.
ಮತ್ತೆ ಮಂಕಾಯಿತು. ಮತ್ತೆ ತಟ್ಟಿದ.

ಹೀಗೆ ನೋಡುತ್ತಾ ಕೂತರೆ ಇಳಿಯುತ್ತದೆ, ಎಂದೆ.
ಗೊತ್ತು, ಎಂದ.
ಕೊನೆಯ ವ್ಯಾನು ಐದಕ್ಕೆ.
ಆಗ ನಲವತ್ತೆರಡು ಉಳಿದಿತ್ತು.