ಒತ್ತಿದರೂ ಮಾಸದ್ದು

ಮೊದಲ ತಿಗಣಿ ಅಂದೆ.
ಝುವಾರಿನಗರದ ತಗಡಿನ ಖೋಲಿ, ತಿಗಣಿಗೇನು ಬರ?
ಹಾಸಿಗಿ ಬಿಸಲಿಗೆ ಹಾಕಿದೆ.
ಮರುದಿನ ಮಾಳೂನ ಮೊಣಕಾಲ ಕೆಳಗ
ಇನ್ನೂ ಹತ್ತು.
ನೇರಳಹಣ್ಣು ತುಳದಂಗ ಬಣ್ಣ,
ಕೈಯಾಡಿಸಿದರ ಸಜ್ಜಿಕಾಳಿನಂಗ ಬೆರಳಿಗೆ ಹತ್ತತಾವ.
ತುರಸ್ತದೇನೋ? ಇಲ್ಲ ಅಂದ.
ತುರಸದ ತಿಗಣಿ ಯಾವ ಊರಿಂದು?

ಸಾಲಿ ಟೀಚರ್ ಕರಸಿದರು.
ಕೊಂಕಣಿಯಾಗ ಕೇಳಿದರು, ಆಮ್ಯಾಲ ಹಿಂದಿಯಾಗ,
ಆಮ್ಯಾಲ ಸುಮ್ಮನ ಕೈ ಬೀಸಿ ತೋರಿಸಿದರು:
ಹೊಡೀತಾರೇನು ಮನ್ಯಾಗ?

ಇಲ್ಲ ಅನ್ನಬೇಕಿತ್ತು.
ನನ್ನ ನಾಲಿಗಿ ಒಂದು ಗಳಿಗಿ ತಡೀತು.
ಯಾಕಂದರ ಶ್ರಾವಣದಾಗ ಒಂದ್ಸಲ,
ಖಾರೇವಾಡಾ ಧಕ್ಕೆಯಾಗ ಮೀನಬುಟ್ಟಿ ಹೊತ್ತು ದಣದು ಬಂದು,
ಇವರು ಬೆಲ್ಟು ಬಿಚ್ಚಿದ್ದರು.
ಹೊಡದಿರಲಿಲ್ಲ. ಬಿಚ್ಚಿದ್ದರು, ಅಷ್ಟ.
ಆ ಗಳಿಗೀನ ಟೀಚರ್ ನೋಡಿದರು.

ರಾತ್ರಿ ಹುಡುಗ ಹೊಟ್ಟಿ ಹಿಡಕೊಂಡು ಮುದ್ದಿಯಾಗಿ ಮಲಗಿದ.
ಕಾಲ ಹರಡು ಬಾತು ಚಪ್ಪಲಿ ಹಿಡಸಲಿಲ್ಲ.
"ಯಾರರ ಹೊಡದಾರೇನೋ ನಿನಗ?" ಇವರು ಕೇಳಿದರು.
ನಾನು ಇವರ ಕೈ ನೋಡತಿದ್ದೆ,
ಬರ್ಫಕ್ಕ ಬಿರಿದ ಕೈ.
ನೋಡೂದನ್ನ ಇವರು ನೋಡಿದರು.
ಏನೂ ಅನ್ನಲಿಲ್ಲ.
ಅಂದಿದ್ದರ ಛಲೋ ಇತ್ತು.

ಗಲ್ಲಿ ಡಾಕ್ಟರ್ ಡೆಂಗಿ ಅಂದ, ರಕ್ತ ತಗದ.
ಪ್ಲೇಟ್‌ಲೆಟ್ ಭರ್ತಿ ಇದ್ದವು.
ಹಂಗಾದರ ಉಷ್ಣ, ಅಂದಳು ಬಾಜೂಕಿನ ನೀಲವ್ವ.
ಕೋಕಂ ಕುಡಿಸಿದೆ.

ಬಾಂಬೋಳಿ ದೊಡ್ಡಾಸ್ಪತ್ರೆ, ಎರಡು ಬಸ್ಸು.
ಪೊಲೀಸರನ್ನ ಕರೀತಾರೇನೋ ಅಂತ
ಇವರು ಗೇಟಿನ ಹೊರಗ ನಿಂತರು.
ಚೀಟಿ ಕಿಟಕಿಯವ ಅಪ್ಪನ ಹೆಸರು ಕೇಳಿದ.
ಲಗ್ನಾದಾಗಿಂದ ಬಾಯಿಂದ ತಗದಿರದ ಹೆಸರು.
ಯಮನಪ್ಪ, ಅಂದೆ.
ಫಿರ್ಯಾದಿ ಕೊಟ್ಟಂಗ ಅನಿಸ್ತು.

ಡಾಕ್ಟರ್ ಇರೇನಬಾಯಿ ಮೊದಲ ಕಾಲು ನೋಡಲಿಲ್ಲ.
ಹೋದ ಹದಿನೈದು ದಿನದಾಗ ನೆಗಡಿ ಬಂದಿತ್ತೇನು? ಅಂದರು.
ಬಂದಿತ್ತು. ಯಾರಿಗೆ ನೆನಪಿರತದ ನೆಗಡಿ?
ಮೇಜಿನ ಮ್ಯಾಲಿನ ಚಹಾದ ಗ್ಲಾಸು ತೊಳಸಿ
ಅದರ ಬುಡ ಅವನ ಮೀನಖಂಡಕ್ಕ ಒತ್ತಿದರು.
ಬಾ, ನೀನೂ ನೋಡು.
ಗಾಜಿನ ಹಿಂದ ಚರ್ಮ ಬೆಳ್ಳಗಾತು.
ಕಲಿ ಹಂಗ ಇದ್ದವು.
ಕಡಿದ ಕೆಂಪು ಒತ್ತಿದರ ಓಡತದ;
ಇದು ನಾಳ ಬಿಟ್ಟು ಹೊರಗ ಬಿದ್ದ ರಕ್ತ,
ಓಡಲಿಕ್ಕೆ ದಾರಿ ಇಲ್ಲ.

ಪೆಟ್ಟು ಹಿಂಗ ಎರಡೂ ಕಾಲಿಗೆ ಒಂದ ಲೆಕ್ಕಕ್ಕ ಬೀಳೂದಿಲ್ಲ, ಅಂದರು.
ನೋಡು, ಕಾಲುಚೀಲದ ಅಂಚಿಗೆ ಒತ್ತಾಗಿ ಬಂದಾವ,
ಕುಂಡಿ ಮ್ಯಾಲ ಅದಾವ, ಎದಿ ಮ್ಯಾಲ ಒಂದೂ ಇಲ್ಲ.
ಕೂದಲಿಗಿಂತ ಸಣ್ಣ ರಕ್ತನಾಳ ಉರಿಯೆದ್ದು ಸೋರತಾವ:
ಚರ್ಮದಾಗ ಕಲಿ, ಕೀಲಿನಾಗ ಬಾವು, ಕರುಳಿನಾಗ ನೋವು.
ನಾನು ಮೂರು ಬ್ಯಾರೆ ಕಷ್ಟ ಅಂತ ಎಣಿಸಿದ್ದೆ.

ಉದ್ದನ ಹೆಸರು ಹೇಳಿದರು,
ನನ್ನ ಬಾಯಾಗ ನಿಲ್ಲಲಿಲ್ಲ.
ಯಾರೂ ಹೊಡದಿಲ್ಲ ಅಂದದ್ದು ನಿಂತತು.

ಬಹಳ ಮಕ್ಕಳಿಗೆ ತಾನ ಹೋಗತದ.
ಆದರ ಮೂತ್ರಪಿಂಡ ಕೆಟ್ಟರ ಅಳೂದಿಲ್ಲ, ಬಾಯೂದಿಲ್ಲ;
ಆರು ತಿಂಗಳು ಉಚ್ಚಿ ತೋರಿಸು, ಬಿಪಿ ನೋಡಿಸು.
ಸಂಡಾಸಿನಾಗ ರಕ್ತ ಕಂಡರ, ಹೊಟ್ಟಿನೋವು ಏರಿದರ,
ನಡುರಾತ್ರಿ ಆದರೂ ಬಾ.

ಗೇಟಿನ ಹೊರಗ ಇವರು
ಮಾಳೂಗ ಅಂತ ತಂದ ಪಾವು
ಹಿಡದು ಹಿಡದು ಚಪ್ಪಟಿ ಮಾಡಿದ್ದರು.
"ಟೀಚರಿಗೆ ಚೀಟಿ ಬರಸಿಕೊಂಡು ಬಂದೀನಿ," ಅಂದೆ.
"ನಿನಗ?" ಅಂದರು.

ಬಸ್ಸಿನಾಗ ನನ್ನ ತೋಳು ನಾನ ಒತ್ತಿ ನೋಡಿಕೊಂಡೆ,
ಬಿಳುಪು, ಮತ್ತ ಕೆಂಪು. ಬಿಳುಪು, ಮತ್ತ ಕೆಂಪು.

ಇದು ಹದಿನಾಲ್ಕನೇ ವಾರ.
ಸೋಮವಾರ ಮುಂಜಾನೆ ಧಕ್ಕೆಗೆ ಹೋಗೂ ಮೊದಲ
ಬಾಟಲಿ ಇವರ ಹಿಡೀತಾರ.
ಕಾಗದದ ಪಟ್ಟಿ ಅದ್ದಿ
ತಗಡಿನ ಸೀಳಿನಾಗ ಬರೂ ಬೆಳಕಿಗೆ ಎತ್ತಿ
ಹಳದಿ ಹಳದಿಯಾಗೇ ಉಳೀತೇನು ಅಂತ ನೋಡತಾರ.
ನೋಡಿ ನನ್ನ ಕಡೆ ಚಾಚತಾರ,
ನೀನೂ ನೋಡು.