ಹಿಡಿ

ಬರಪೊಳೆಯಿಂದ ಬಂದ ಹಳೆಯ ತೇಲುಬಳೆ
ನನ್ನ ಹೊಲಿಗೆ ಮೇಜಿನ ಮೇಲೆ ಮಲಗಿತ್ತು.
ಮೈ ಗಟ್ಟಿ, ಬಣ್ಣ ಮಾತ್ರ ಮಾಸಿದೆ,
ಹಗ್ಗ ಮುಟ್ಟಿದರೆ ಹಿಟ್ಟು.
"ಹಗ್ಗ ಸತ್ತರೆ ಬಳೆಯನ್ನೂ ಹೂಳಬೇಕು ಇತ್ತಾ,"
ಎಂದ ರ‍್ಯಾಫ್ಟು ನಡೆಸುವ ತಮ್ಮಯ್ಯ,
"ವರ್ಷಕ್ಕೆ ನಾಲ್ಕು ಹೂಳುತ್ತೇವೆ."

ನಾನು ಸುಬೈದಾ. ಸಿದ್ದಾಪುರದಲ್ಲಿ ಜೀಪಿನ ಹುಡ್ ಹೊಲಿಯುವವಳು.
ಈಜು ಬಾರದು.
ನೀರಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ:
ಅದು ಸೂಜಿಯ ತೂತು ಹುಡುಕುತ್ತದೆ.

ಮೊದಲ ಬಳೆಗೆ ರೆಕ್ಸಿನ್ ಹಾಕಿದೆ, ಬಿಸಿಲಿಗೆ ಹಪ್ಪಳವಾಯಿತು.
ಎರಡನೆಯದಕ್ಕೆ ಲಾರಿಯ ಟಾರ್ಪಾಲು,
ಒಳಗೆ ಫೋಮಿನ ಹಲಗೆ, ಅಂಟಿಸಿ, ಕೊರೆದು, ದುಂಡಗೆ,
ಸುತ್ತಲೂ ಒಂದೇ ಹಗ್ಗ, ಎಂಟು ಕಡೆ ಹೊಲಿಗೆ.
ಮದುಮಗಳನ್ನು ನೋಡುವ ಹಾಗೆ ಬಂದು ಬಂದು ನೋಡಿದರು.
ತಮ್ಮಯ್ಯ ಅದನ್ನು ಬಂಡೆಯ ಮೇಲೆ ಎಳೆದಾಡಿದ.
ಕಿತ್ತದ್ದು ಒಂದು ಕಡೆ,
ಸಡಿಲವಾದದ್ದು ಎಂಟೂ ಕಡೆ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ.
ಆ ಮಾತು ಕಟ್ಟಿದವನು ದಡದಲ್ಲಿ ಕೂತಿದ್ದ.
ಹುಲ್ಲಿಗೆ ದಪ್ಪವಿಲ್ಲ. ತೊಯ್ದ ಬೆರಳಿಗೆ ದಪ್ಪ ಬೇಕು.
ಎಷ್ಟು?
ವಿರಾಜಪೇಟೆ ಬಸ್ಸಿನ ಕಂಬಿ ಹಿಡಿದು ನೋಡಿದೆ: ಹೆಚ್ಚಾಯಿತು.
ಬಾವಿಯ ಹಗ್ಗ: ಅಂಗೈ ಕೊರೆಯಿತು.
ಅಂಗನವಾಡಿಗೆ ಹೋಗಿ ಮಕ್ಕಳ ಮುಷ್ಟಿಗೆ ದಾರ ಸುತ್ತಿ ಅಳೆದೆ.
ಬಳೆಗಾ? ಕೇಳಿದರು ಟೀಚರ್.
ಹೌದು, ಎಂದೆ, ಬಳೆಗೇ.

ಉತ್ತರ ಸಿಕ್ಕಿದ್ದು ಗುಜರಿಯಲ್ಲಿ:
ಕಾಫಿ ಹೂವಿಗೆ ನೀರು ಹಾರಿಸಿ ಹಾರಿಸಿ ಸಾಕಾದ
ಸ್ಪ್ರಿಂಕ್ಲರಿನ ಕಪ್ಪು ಪೈಪು.
ಗೇಣುದ್ದ ಕತ್ತರಿಸಿ ಬಳೆಯ ಮೈಯೊಳಗೆ ಅಡ್ಡ ತೂರಿಸಿದೆ,
ಹದಿನಾರು ಸುರಂಗ, ಎಂಟು ಹಿಡಿ,
ಪ್ರತಿ ಹಿಡಿಗೂ ಅದರದೇ ಹಗ್ಗ,
ಹಗ್ಗದ ಎರಡೂ ತುದಿಗೆ ಒಳಸುತ್ತಿನಲ್ಲಿ ಒಂದೊಂದು ಗಂಟು,
ಗಂಟಿನ ಕೆಳಗೆ ಹಳೆ ಟಯರಿನ ಬಿಲ್ಲೆ.
ಒಂದರ ಸಾವು ಇನ್ನೊಂದಕ್ಕೆ ಮೈಲಿಗೆಯಲ್ಲ.
ಹೊಲಿಗೆಯೇ ಇಲ್ಲ! ನಲವತ್ತು ವರ್ಷ ಹೊಲಿದವಳು
ಹೊಲಿಯದೆ ಬಿಡುವುದನ್ನು ಕಲಿತದ್ದು ಆಗ.

ಬೇಸಿಗೆಯಿಡೀ ತಾರಸಿಯ ಮೇಲೆ ಕಾದು ಮಲಗಿತು,
ಕಕ್ಕಡವಿಡೀ ಬಚ್ಚಲ ಹಿಂದೆ ಕೊಳೆಯಲು ಬಿಟ್ಟೆ.
ಆಮೇಲೆ ದೀಪ ಆರಿಸಿ, ಕೈಗೆ ಸೋಪು ಹಚ್ಚಿಕೊಂಡು
ಒಂದು ಹಿಡಿ ಬಿಚ್ಚಿ ಇನ್ನೊಂದು ಕಟ್ಟಿದೆ.
ಒಲೆಯ ಮೇಲಿನ ಕಾಫಿ ಉಕ್ಕಲಿಲ್ಲ.
ಮಗಳು ಬಾಗಿಲಲ್ಲಿ ನಿಂತು ಕೇಳಿದಳು,
ಉಮ್ಮಾ, ಕತ್ತಲಲ್ಲಿ ಯಾರನ್ನು ಕಟ್ಟುತ್ತಿದ್ದೀಯ?

ಈ ಸಲ ಕಾವೇರಿ ಕರಡಿಗೋಡಿನ ಲೈನುಮನೆಗಳಿಗೆ ನುಗ್ಗಿದ ಮೂರನೆಯ ದಿನ
ತಮ್ಮಯ್ಯ ಬಂದ, ಬೂಟಿನಲ್ಲಿ ಇನ್ನೂ ಕೆಸರು.
ಬಳೆಯನ್ನು ಮೇಜಿನ ಮೇಲಿಟ್ಟ.
ಏಳು ಹಿಡಿ. ಎಂಟನೆಯದರ ಜಾಗದಲ್ಲಿ
ಎರಡು ಬಾಯಿ ತೆರೆದ ಪೈಪು.
"ಮುಷ್ಟಿ ಬಿಡಿಸಲು ಆಗಲಿಲ್ಲ," ಎಂದ.
"ಬೆರಳು ಮುರಿಯುವುದೋ, ಹಗ್ಗ ಕತ್ತರಿಸುವುದೋ?
ಕತ್ತರಿಸಿದೆ.
ಮಡಿಕೇರಿ ಆಸ್ಪತ್ರೆಗೆ ಹಗ್ಗದ ಸಮೇತ ಹೋದಳು ಮುದುಕಿ.
ಈಗಲೂ ಕೊಡುವುದಿಲ್ಲವಂತೆ, ದಿಂಬಿನ ಕೆಳಗಿಟ್ಟಿದ್ದಾಳಂತೆ."

ಆ ಹಗ್ಗಕ್ಕೆ ಎಷ್ಟು ವರ್ಷದ ಬಾಳಿಕೆ ಎಂದು
ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ.
ದಿಂಬಿನ ಕೆಳಗಿನ ಲೆಕ್ಕ ಅದರಲ್ಲಿ ಇರಲಿಲ್ಲ.

ಮೊಳ ಹಾಕಿದೆ, ಕತ್ತರಿಸಿದೆ, ತುದಿ ಸುಟ್ಟೆ,
ತೂರಿಸಿ ಗಂಟು ಜಗ್ಗಿದೆ, ತಮ್ಮಯ್ಯನೂ ಜಗ್ಗಿದ.
ಏಳು ಮಾಸಿದ ಹಿಡಿಗಳ ನಡುವೆ
ಒಂದು ಮಾತ್ರ ಕಣ್ಣಿಗೆ ಚುಚ್ಚುವ ಹಳದಿ.
ಇದೂ ಬಿಸಿಲಿಗೆ ಸುಮ್ಮನೆ ಮಾಸಲಿ,
ಯಾರೂ ಹಿಡಿಯದೆ ಹಿಟ್ಟಾಗಲಿ
ಎಂದು ಹರಸಿ ಕೊಟ್ಟೆ.
ಚೀಲದಲ್ಲಿ ಇನ್ನೂ ಹತ್ತು ತುಂಡು ಹಾಕಿದೆ.